ರಾತ್ರಿಯೂ ನಡುಗಿದ ಗೆರೆ

ನನಗೆ ಅನುಮಾನ ಜಾಸ್ತಿ. ಹುಟ್ಟಿದ ದಿನವೇ ನರ್ಸಮ್ಮನನ್ನು ದುರುಗುಟ್ಟಿಕೊಂಡು ನೋಡಿದ್ದೆ ಎಂದು ಅಮ್ಮ ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ತರಕಾರಿಯವನು ತೂಗುವಾಗ ನಾನು ತಕ್ಕಡಿಯ ಮುಳ್ಳು ನೋಡುತ್ತೇನೆ, ಟೊಮೇಟೊ ನೋಡುವುದಿಲ್ಲ. ಇಂಥವಳು ನನ್ನ ಕಣ್ಣ ಮುಂದೆಯೇ ನಡೆದ ಮೋಸವನ್ನು ಎಂಟು ತಿಂಗಳು ಎದೆಗವಚಿಕೊಂಡು ಓಡಾಡಿದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕೆಂಗೇರಿಯ ಆಚೆ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಸಂಸ್ಥೆಯ ಪುಟ್ಟ ಕೇಂದ್ರವಿದೆ. ಭೂಮಿಯ ಕಾಂತಕ್ಷೇತ್ರವನ್ನು ಹಗಲಿರುಳೂ ಅಳೆಯುವುದು ಅಲ್ಲಿನ ಕೆಲಸ. ಹೊಂಗೆಮರಗಳ ನಡುವೆ ಒಂದು ಮರದ ಗುಡಿಸಲು, ಅದರಲ್ಲಿ ಅಳೆಯುವ ಉಪಕರಣಗಳು ಎರಡು, ಒಂದು ಹಳೆಯದು, ಒಂದು ಹೊಸದು. ಗುಡಿಸಲಿಗೆ ಒಂದು ಕಬ್ಬಿಣದ ಮೊಳೆಯನ್ನೂ ಹೊಡೆದಿಲ್ಲ, ಎಲ್ಲ ಹಿತ್ತಾಳೆ. ಒಳಗೆ ಹೋಗುವ ಮೊದಲು ಕೀಗೊಂಚಲು, ಸೇಫ್ಟಿ ಪಿನ್ನು, ಹೇರ್‌ಪಿನ್ನು ಎಲ್ಲವನ್ನೂ ಹೊರಗಿನ ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಕು. ನಮ್ಮಪ್ಪ ನಾರಾಯಣಪ್ಪನವರಿಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ವರ್ಕ್‌ಶಾಪು. ಕಬ್ಬಿಣದ ಪುಡಿಯಲ್ಲೇ ಆಡಿ ಬೆಳೆದ ನನಗೆ ಕೆಲಸ ಸಿಕ್ಕಿದ್ದು ಕಬ್ಬಿಣಕ್ಕೆ ಬಹಿಷ್ಕಾರ ಹಾಕಿದ ಜಾಗದಲ್ಲಿ.

ಭೂಮಿಯ ಕಾಂತಕ್ಷೇತ್ರ ಕಲ್ಲಿನ ಹಾಗೆ ಒಂದೇ ಕಡೆ ಕೂತಿರುವುದಿಲ್ಲ. ಬೆಳಿಗ್ಗೆ ನಿಧಾನವಾಗಿ ಏರುತ್ತದೆ, ನಡುಹಗಲಿಗೆ ತುದಿ ಮುಟ್ಟುತ್ತದೆ, ಸಂಜೆಗೆ ಇಳಿಯುತ್ತದೆ. ಸೂರ್ಯನಿಂದ ಬಿರುಗಾಳಿ ಬೀಸಿದರಂತೂ ಕೆಲವೇ ಗಂಟೆಗಳಲ್ಲಿ ಧೊಪ್ಪನೆ ಕುಸಿಯುತ್ತದೆ. ಬಾಹ್ಯಾಕಾಶದಲ್ಲಿ ಆ ಗಾಳಿಯ ವೇಗ ಎಷ್ಟಿದೆ ಎಂದು ತಿಳಿದರೆ ಸಾಕು, ಮುಂದಿನ ಒಂದು ಗಂಟೆಯಲ್ಲಿ ಕೆಂಗೇರಿಯ ಅಳತೆಯ ಗೆರೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಮೊದಲೇ ಹೇಳುವ ಲೆಕ್ಕವೊಂದನ್ನು ನಾನು ಕಟ್ಟಿದ್ದೆ. ಅದಕ್ಕೆ ನಾವು ಮಾಡೆಲ್ ಎನ್ನುತ್ತೇವೆ. ಮೇ ತಿಂಗಳಲ್ಲಿ ಬಂದ ದೊಡ್ಡ ಬಿರುಗಾಳಿಯನ್ನು ನೋಡಿ ಅದನ್ನು ತಿದ್ದಿದ್ದೆ. ಸರಿಯಾಗಿ ತಿದ್ದಿದ್ದೇನೆಯೇ ಇಲ್ಲವೇ ಎಂದು ಗೊತ್ತಾಗಬೇಕಾದರೆ ಇನ್ನೊಂದು ಬಿರುಗಾಳಿ ಬರಬೇಕಿತ್ತು.

ಬಂತು. ಆಯುಧಪೂಜೆಯ ಹಿಂದಿನ ರಾತ್ರಿ ಬಂತು. ಆ ಬಿರುಗಾಳಿಗೆ ಲಡಾಖಿನಲ್ಲಿ ಆಕಾಶ ಕೆಂಪಾದ ಫೋಟೊಗಳು ಎಲ್ಲರ ಮೊಬೈಲಿನಲ್ಲಿ ಓಡಾಡಿದವು. ನಾನು ಆ ಗುರುವಾರ ಅರ್ಧ ದಿನ ರಜೆ ಹಾಕಿ, ಅಪ್ಪನ ಲೇತ್ ಮೆಷಿನ್ನುಗಳನ್ನು ಒರೆಸಿ ಚೆಂಡುಹೂವು ಕಟ್ಟಲು ಹೋಗಿದ್ದೆ. ಹಬ್ಬ ಮುಗಿಸಿ ಸೋಮವಾರ ಬಂದು ನೋಡಿದರೆ, ನನ್ನ ಮಾಡೆಲ್ ಹೇಳಿದ್ದೂ ಕೆಂಗೇರಿಯ ಉಪಕರಣ ಅಳೆದದ್ದೂ ಎರಡು ದಿನವೂ ಒಂದರ ಮೈಮೇಲೊಂದು ಮಲಗಿದ ಹಾಗೆ ಹೊಂದಿಕೊಂಡಿದ್ದವು! ನಾನು ಅಲ್ಲೇ ಕುಣಿದುಬಿಟ್ಟೆ. ನಮ್ಮ ಕೇಂದ್ರದ ಮುಖ್ಯಸ್ಥೆ ಸತ್ಯವತಿ ಮೇಡಂ ನನ್ನ ತಲೆ ಸವರಿ, "ಆಯ್ತು ಬಿಡೇ, ಕುಣಿದಿದ್ದು ಸಾಕು" ಎಂದರು. ಆ ಗ್ರಾಫು ಪ್ರಬಂಧವಾಯಿತು, ಪೋಸ್ಟರಾಯಿತು, ಸಂಸ್ಥೆಯ ಕ್ಯಾಲೆಂಡರಿನಲ್ಲೂ ಬಂತು.

ಅದೇ ಗ್ರಾಫಿನ ಬಲದ ಮೇಲೆ ನಾನು ಜೂನ್ ತಿಂಗಳ ಸಂದರ್ಶನಕ್ಕೆ ಅರ್ಜಿ ಹಾಕಿದ್ದೆ. ಕಾಯಂ ವಿಜ್ಞಾನಿಯ ಹುದ್ದೆ, ಇದ್ದದ್ದು ಒಂದೇ. ನನ್ನ ಗುತ್ತಿಗೆ ಆ ತಿಂಗಳಿಗೆ ಮುಗಿಯುತ್ತಿತ್ತು. ವಯಸ್ಸಿನ ಮಿತಿಯೂ ಅಷ್ಟಕ್ಕೇ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ನಾನು ಆ ಗುಡಿಸಲಿನ ಬಾಗಿಲು ದಾಟುವ ಹಾಗಿರಲಿಲ್ಲ. ಎದುರಾಳಿಯೂ ಒಬ್ಬನೇ, ಸಮರ್ಥ. ರಾಜರಾಜೇಶ್ವರಿನಗರದ ಹುಡುಗ, ನನ್ನ ಪಕ್ಕದ ಮೇಜಿನವನು, ನನ್ನ ಡಬ್ಬಿಯ ಚಿತ್ರಾನ್ನಕ್ಕೆ ದಿನಾ ಚಮಚ ಹಿಡಿದು ಬರುವವನು.

ಸೋಮವಾರ ಸಂದರ್ಶನ. ಶನಿವಾರ ಬೆಳಿಗ್ಗೆ ಕೇಂದ್ರದಲ್ಲಿ ಕೂತು ಸ್ಲೈಡ್ ಸಿದ್ಧ ಮಾಡುತ್ತಿದ್ದೆ. ಬಿರುಗಾಳಿ ತೀರಾ ಜೋರಾಗಿದ್ದ ಭಾಗವನ್ನು ದೊಡ್ಡದು ಮಾಡಿ ತೋರಿಸೋಣ ಎಂದು ಆ ರಾತ್ರಿಯ ತುಂಡನ್ನು ಹಿಗ್ಗಿಸಿದೆ. ಹಿಗ್ಗಿಸಿದವಳು ಹಾಗೇ ಕೂತುಬಿಟ್ಟೆ.

ನಮ್ಮ ಗೆರೆಗೊಂದು ರೋಗವಿದೆ. ಹತ್ತಿರದಲ್ಲೇ ಮೆಟ್ರೊ ಓಡುತ್ತದೆ. ರೈಲಿಗೆ ಕೊಟ್ಟ ಕರೆಂಟಿನಲ್ಲಿ ಒಂಚೂರು ನೆಲದೊಳಗೂ ಹರಿಯುತ್ತದೆ, ಅದಕ್ಕೆ ನಮ್ಮ ಗೆರೆ ಹಗಲೆಲ್ಲ ಸಣ್ಣಗೆ ನಡುಗುತ್ತಿರುತ್ತದೆ. ಕೊನೆಯ ರೈಲು ಹೋದ ಮೇಲೆ ಮಗುವಿಗೆ ಜ್ವರ ಬಿಟ್ಟ ಹಾಗೆ ತಣ್ಣಗಾಗುತ್ತದೆ, ಬೆಳಿಗ್ಗೆ ಮೊದಲ ರೈಲಿಗೆ ಮತ್ತೆ ಶುರು. ಈ ನಡುಕಕ್ಕೆ ನಾವು ಬೈಯದ ದಿನವಿಲ್ಲ. ಆ ಎರಡು ದಿನದ ಗೆರೆಯಲ್ಲೂ ನಡುಕವಿತ್ತು. ಆದರೆ ಹಗಲು ಎಷ್ಟೋ ರಾತ್ರಿಯೂ ಅಷ್ಟೇ. ರೈಲೇ ಇಲ್ಲದ ಸರಿರಾತ್ರಿಯಲ್ಲಿ ಅದು ಯಾರಿಗೆ ಹೆದರಿ ನಡುಗಿತು?

ಅಯ್ಯೋ ಶಿವನೇ, ಇದು ಅಳೆದ ಗೆರೆಯೇ ಅಲ್ಲ! ಯಾರೋ ನನ್ನ ಮಾಡೆಲ್ಲಿನ ಗೆರೆಯನ್ನೇ ಎತ್ತಿ, ಅನುಮಾನ ಬಾರದಿರಲಿ ಎಂದು ಮೇಲೊಂದು ಸುಳ್ಳು ನಡುಕ ಉದುರಿಸಿ, ಅಳತೆಯ ಜಾಗದಲ್ಲಿ ಕೂರಿಸಿದ್ದಾರೆ. ನನ್ನ ಗೆರೆ ನನ್ನ ಗೆರೆಗೆ ಹೊಂದದೆ ಇನ್ನೇನು? ಕನ್ನಡಿ ನೋಡಿಕೊಂಡು, 'ಅಬ್ಬಾ, ಎಷ್ಟು ನನ್ನ ಹಾಗೇ ಇದಾಳೆ' ಎಂದು ಎಂಟು ತಿಂಗಳು ಬೀಗಿದ್ದೆ.

ಆಮೇಲೆ ತಲೆ ಓಡತೊಡಗಿತು. ಆ ಕಡತವನ್ನು ಮುಟ್ಟಬಲ್ಲವರು ಮೂವರೇ: ನಾನು, ಸಮರ್ಥ, ಮೇಡಂ. ಮೇಡಂ ನನಗೆ ಅಕ್ಷರಾಭ್ಯಾಸ ಮಾಡಿಸಿದ ಹಾಗೆ ಈ ಕೆಲಸ ಕಲಿಸಿದವರು, ಅವರ ಮೇಲೆ ಅನುಮಾನ ಪಡಲು ನನ್ನ ಬುದ್ಧಿಯೂ ಒಪ್ಪಲಿಲ್ಲ. ಉಳಿದವನು ಸಮರ್ಥ. ಎಲ್ಲ ಸರಿಹೊಂದಿತು. ಇವನೇ ತುಂಬಿಸಿದ್ದಾನೆ, ನಾನು ಬೀಗಲಿ ಎಂದು ಬಿಟ್ಟಿದ್ದಾನೆ, ಸೋಮವಾರ ಸಂದರ್ಶನ ಮಾಡುವವರ ಮುಂದೆ ಮೆಲ್ಲಗೆ ಬಾಯಿ ಬಿಡುತ್ತಾನೆ. ನನ್ನ ಚಿತ್ರಾನ್ನ ತಿಂದು ನನಗೇ ಗುಂಡಿ ತೋಡಿದ್ದಾನೆ!

ಅವನೂ ಅವತ್ತು ಬಂದಿದ್ದ. ಊಟದ ಹೊತ್ತಿಗೆ ಚಮಚ ಹಿಡಿದು ಬಂದ. ನಾನು ಡಬ್ಬಿಯನ್ನು ನನ್ನ ಕಡೆಗೇ ಎಳೆದುಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

"ಸಮರ್ಥ, ನನ್ನ ಬಿರುಗಾಳಿ ಗ್ರಾಫ್ ಬಗ್ಗೆ ನಿಂಗೇನನ್ಸುತ್ತೆ?"

ಅವನ ಚಮಚ ಅರ್ಧದಲ್ಲೇ ನಿಂತಿತು. "ಚೆನ್ನಾಗಿದೆ" ಎಂದ.

"ಅಷ್ಟೇನಾ?"

"ಚೆನ್ನಾಗಿದೆ ಅಂದ್ನಲ್ಲ ಕಣೇ. ಈಗ ಯಾಕೆ ಅದು?" ಎಂದು ಕಿಟಕಿಯ ಕಡೆ ನೋಡಿದ. ಆಮೇಲೆ, ತನಗೆ ಹಸಿವಿಲ್ಲ ಎಂದು ಎದ್ದು ಹೋದ. ಚಿತ್ರಾನ್ನ ಬಿಟ್ಟು ಎದ್ದು ಹೋದ ಸಮರ್ಥನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕಳ್ಳನೇ ಎಂದು ಖಾತ್ರಿಯಾಯಿತು.

ಆದರೆ ಬರೀ ಖಾತ್ರಿ ಸಾಲದು, ಸಾಕ್ಷಿ ಬೇಕಿತ್ತು. ಅಳತೆ ಯಾಕೆ ತಪ್ಪಿಹೋಯಿತು ಎಂದು ಮೊದಲು ಗೊತ್ತಾಗಬೇಕಿತ್ತು. ಉಪಕರಣಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಭೈರೇಶನ ಹತ್ತಿರ ಹೋದೆ.

"ಭೈರೇಶ್, ಹೋದ ಸಲ ಆಯುಧಪೂಜೆಗೆ ಉಪಕರಣ ಆಫ್ ಮಾಡಿದ್ರಾ?"

"ಹೊಸದನ್ನ ಮಾಡಿದ್ದೆ ಮೇಡಂ. ವರ್ಷಾ ವರ್ಷಾ ಮಾಡ್ತೀವಲ್ಲ? ಆಯುಧ ಅಂದ್ಮೇಲೆ ಪೂಜೆ ಆದ್ಮೇಲೆ ಮುಟ್ಟೋ ಹಾಗಿಲ್ಲ. ಆ ಸಲ ಹಬ್ಬದ ದಿನ ರಜೆ ಅಂತ ಗುರುವಾರ ಮಧ್ಯಾಹ್ನವೇ ಪೂಜೆ ಮಾಡಿ ಮಲಗಿಸಿದ್ವಿ, ವಿಜಯದಶಮಿ ಬೆಳಿಗ್ಗೆ ಎಬ್ಬಿಸಿದ್ವಿ. ಹಳೇದು ಓಡ್ತಾ ಇರುತ್ತೆ. ಮೇಡಮ್ಮೋರ ರೂಲ್ಸೇ ಅದು, ಒಂದು ಮಲಗಿದ್ರೆ ಒಂದು ಎದ್ದಿರ್ಬೇಕು."

ಇದು ನನಗೂ ಗೊತ್ತಿತ್ತು. ದೇಶದ ಬೇರೆ ಕಡೆಯವರಿಗೆ ಇದು ನಗೆಪಾಟಲು ಅನ್ನಿಸೀತು, ನಮಗಲ್ಲ. ಅಪ್ಪನ ಲೇತು, ಎದುರು ಮನೆಯ ಆಟೊ, ಬಸ್ ಡಿಪೊದ ಬಸ್ಸು, ನಮ್ಮ ಕಾಂತಮಾಪಕ ಎಲ್ಲಕ್ಕೂ ಒಂದೇ ಕುಂಕುಮ. ಕಬ್ಬಿಣ ಕೂಡದು ಎಂದು ನಮ್ಮಲ್ಲಿ ಬೂದುಗುಂಬಳದೊಳಗೆ ಚಿಲ್ಲರೆ ಕಾಸು ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

"ಫೋಟೊ ಏನಾದ್ರೂ ಇದ್ಯಾ?" ಎಂದೆ.

ಭೈರೇಶ ಮೊಬೈಲು ಹುಡುಕಿ ಕೊಟ್ಟ. ಕಂಟ್ರೋಲ್ ರೂಮಿನ ಬಾಗಿಲು, ಬಾಳೆಕಂದು, ಮಾವಿನ ತೋರಣ, ಮಿನುಗುವ ಸೀರಿಯಲ್ ಸೆಟ್ಟು, ನಡುವೆ ಆರತಿ ತಟ್ಟೆ ಹಿಡಿದ ಮೇಡಂ. ಅವರ ಬೆನ್ನ ಹಿಂದೆ, ಗುಡಿಸಲಿನ ಹಳೆಯ ಉಪಕರಣದ ಅಳತೆಗಳನ್ನು ಬರೆದುಕೊಳ್ಳುವ ಪೆಟ್ಟಿಗೆ. ಅದರ ಹಸಿರು ದೀಪ ಯಾವಾಗಲೂ ಉರಿಯುತ್ತದೆ. ಫೋಟೊದಲ್ಲಿ ಆರಿತ್ತು. ಅದರ ಪ್ಲಗ್ಗು ಇರಬೇಕಾದ ಕಡೆ, 'ತೆಗೆಯಬೇಡಿ' ಎಂದು ಚೀಟಿ ಅಂಟಿಸಿದ ಬೋರ್ಡಿನಲ್ಲಿ, ಸೀರಿಯಲ್ ಸೆಟ್ಟಿನ ಬಿಳಿ ವೈರು ಸಿಕ್ಕಿಸಿಕೊಂಡಿತ್ತು.

"ಲೈಟ್ ಹಾಕಿದ್ದು ಯಾರು?" ಫೋಟೊದ ಬಿಳಿ ವೈರಿನ ಮೇಲೆ ಬೆರಳಿಟ್ಟೆ. "ಸಮರ್ಥನಾ?"

"ಅಯ್ಯೋ, ಅವ್ರಿಗೆಲ್ಲಿ ಬರ್ಬೇಕು ಮೇಡಂ. ಮೇಡಮ್ಮೋರೇ ಹಾಕಿದ್ದು. ಸೀರಿಯಲ್ ಸೆಟ್ ಅವ್ರ ಮನೇದೇ ಅಲ್ವಾ? ಹಳೇದು ಕೆಟ್ಟೋಯ್ತು ಅಂತ ಆ ಸಲ ಹೊಸದು ತಂದಿದ್ರು. ವೈರು ಗಿಡ್ಡ, ಹೊರಗಿನ ಬೋರ್ಡಿಗೆ ಎಟುಕ್ತಾ ಇರ್ಲಿಲ್ಲ."

ನಾನು ಮೊಬೈಲು ವಾಪಸ್ಸು ಕೊಟ್ಟೆ. ಇನ್ನೊಂದು ನೆನಪಾಯಿತು. ನಮ್ಮ ಪ್ರಬಂಧದಲ್ಲಿ ಒಂದು ಸಾಲಿತ್ತು: ದಕ್ಷಿಣದ ಬೇರೆ ಕೇಂದ್ರಗಳಿಗಿಂತ ಕೆಂಗೇರಿಯಲ್ಲಿ ಇಳಿತ ಬಹಳ ಕಡಿಮೆಯಿರುವುದಕ್ಕೆ ಸ್ಥಳೀಯ ಕಾರಣಗಳಿರಬಹುದು. ಆ ಸಾಲನ್ನು ನಾನು ಬರೆದಿರಲಿಲ್ಲ, ಮೇಡಂ ತಾವಾಗಿಯೇ ಸೇರಿಸಿದ್ದರು. ಆಗ ಅದು ಅವರ ಅನುಭವ ಎಂದುಕೊಂಡಿದ್ದೆ. ತಮಿಳುನಾಡಿನ ಒಂದು ಕೇಂದ್ರದ ಅಳತೆ ನನ್ನ ಹತ್ತಿರವಿತ್ತು. ಅದನ್ನು ಪಕ್ಕದಲ್ಲಿಟ್ಟು ನೋಡಿದೆ. ನಿಜವಾದ ಬಿರುಗಾಳಿ ನನ್ನ ಮಾಡೆಲ್ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಆಳಕ್ಕೆ ಇಳಿದಿತ್ತು. ಅಂದರೆ ನನ್ನ ಮಾಡೆಲ್ಲಿಗೆ ಸಾಕ್ಷಿಯಿಲ್ಲ ಅಷ್ಟೇ ಅಲ್ಲ, ಅದು ತಪ್ಪು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಭೈರೇಶ ಏನೂ ಕೇಳದೆ ಒಂದು ಲೋಟ ನೀರು ತಂದಿಟ್ಟ.

ಭಾನುವಾರ ಬಸವೇಶ್ವರನಗರದ ಮೇಡಂ ಮನೆಗೆ ಹೋದೆ. ಅವರು ವರಾಂಡದಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದರು.

"ಬಾರೇ ಚೇತನಾ, ಕೂತ್ಕೋ. ಕಾಫಿ ಕುಡೀತೀಯಾ? ನಾಳೆಗೆ ಸ್ಲೈಡ್ ಎಲ್ಲ ರೆಡಿನಾ?"

"ಗ್ರಾಫಿನ ರಾತ್ರಿ ಭಾಗ ನೋಡಿದೆ ಮೇಡಂ. ಮೆಟ್ರೊ ಇಲ್ಲದ ಹೊತ್ತಲ್ಲೂ ನಡುಗ್ತಾ ಇದೆ."

ಅವರ ಕೈ ನಿಲ್ಲಲಿಲ್ಲ. ಇನ್ನೊಂದು ಕಾಯಿಯ ನಾರು ಎಳೆದರು. ಅದು ಮುಗಿದ ಮೇಲೆ ತಟ್ಟೆ ಪಕ್ಕಕ್ಕಿಟ್ಟರು.

"ಯಾವತ್ತೋ ನೀನು ನೋಡ್ತೀಯಾ ಅಂತ ಗೊತ್ತಿತ್ತು" ಎಂದರು. "ವಿಜಯದಶಮಿ ಬೆಳಿಗ್ಗೆ ಹೋಗಿ ನೋಡ್ತೀನಿ, ಹಳೇದೂ ಸತ್ತು ಕೂತಿದೆ. ನನ್ನ ಕೈಯಾರೆ ಪ್ಲಗ್ ಕಿತ್ತು ಆ ಹಾಳು ದೀಪ ಸಿಕ್ಕಿಸಿದ್ದೆ. ಪೂಜೆ ಮುಗಿದ ತಕ್ಷಣ ತೆಗೀತೀನಿ ಅಂದ್ಕೊಂಡಿದ್ದೆ, ಮರೆತುಹೋಯ್ತು. ಎಲ್ಲಾ ಕೇಂದ್ರದವ್ರೂ ಬಿರುಗಾಳಿ ಅಳೆದ್ರು, ನಂದು ಕುಂಕುಮ ಇಡಿಸ್ಕೊಂಡು ಮಲಗಿತ್ತು. ಹೊರಗೆ ಗೊತ್ತಾದ್ರೆ ಉಗೀತಿರ್ಲಿಲ್ವಾ? ಸದ್ಯಕ್ಕಿರ್ಲಿ ಅಂತ ನಿನ್ನ ಮಾಡೆಲ್ ತುಂಬಿಸಿದೆ. ಸೋಮವಾರ ನೀನು ಬಂದವಳೇ ಕುಣಿದುಬಿಟ್ಟೆ. ನಿನ್ನ ಮುಖ ನೋಡಿ ನಂಗೆ ಬಾಯೇ ಬರ್ಲಿಲ್ಲ ಕಣೇ."

ಕೇಳುತ್ತ ಕೇಳುತ್ತ ನನ್ನ ಮನಸ್ಸು ಕರಗುತ್ತಿತ್ತು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ?

"ಸದ್ಯಕ್ಕೆ ಅಂತ ತುಂಬಿಸಿದವರು ಸುಳ್ಳು ನಡುಕ ಯಾಕೆ ಸೇರಿಸಿದ್ರಿ ಮೇಡಂ?"

ಅವರು ತಟ್ಟೆ ಮತ್ತೆ ಎಳೆದುಕೊಂಡು, ನಾರು ತೆಗೆದಿದ್ದ ಕಾಯನ್ನೇ ಮತ್ತೆ ಬಿಡಿಸತೊಡಗಿದರು.

"ನಾಳೆ ಒಂದಿನ ಸುಮ್ನಿರು" ಎಂದರು ಕೊನೆಗೆ. ದನಿ ಬದಲಾಗಿತ್ತು. "ಒಂದ್ಸಲ ಒಳಗೆ ಸೇರ್ಕೋ. ಆಮೇಲೆ ಮಾಡೆಲ್ ತಿದ್ದು, ಗೆರೆ ತಿದ್ದು, ಯಾರು ಬೇಡ ಅಂತಾರೆ? ಸಮರ್ಥನಿಗೆ ಬೇರೆ ಕಡೆ ಸಿಗುತ್ತೆ, ಅವನಿಗಿನ್ನೂ ವಯಸ್ಸಿದೆ. ನಿಂಗೆ ಇದೇ ಕೊನೇದು. ನೀನು ಬಾಯಿ ಬಿಟ್ರೆ ನನ್ನ ಮಾನ ಹೋಗುತ್ತೆ, ನಿನ್ನ ಕೆಲಸ ಹೋಗುತ್ತೆ. ಯಾರಿಗೆ ಲಾಭ ಹೇಳು?"

ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ, ಅವರ ಮಾತು ಸರಿಯೆನ್ನಿಸಿತಲ್ಲ, ಅದರ ಮೇಲೆ ಬಂದ ಸಿಟ್ಟು ದೊಡ್ಡದಿತ್ತು. ಕಾಫಿ ಕುಡಿಯದೆ ಎದ್ದು ಬಂದೆ.

ಸೋಮವಾರ ಸಮರ್ಥನನ್ನು ಮೊದಲು ಕರೆದರು. ಅವನು ಒಳಗಿದ್ದಷ್ಟು ಹೊತ್ತೂ ಬಾಗಿಲಿಗೆ ಕಿವಿಯಾಗಿ ಕೂತಿದ್ದೆ. ತುಂಬಿಸಿದ್ದು ಅವನಲ್ಲ ಎಂದು ಗೊತ್ತಾಗಿತ್ತು, ಸರಿ. ಹಾಗಾದರೆ ಶನಿವಾರ ಅವನು ಮುಖ ತಿರುಗಿಸಿದ್ದು ಯಾಕೆ? ಅವನಿಗೂ ಏನೋ ಗೊತ್ತಿದೆ, ಒಳಗೆ ಹುಳಿ ಹಿಂಡುತ್ತಿದ್ದಾನೆ ಎನ್ನಿಸಿತು. ಹೊರಗೆ ಬಂದವನು ನನ್ನ ಮುಖ ನೋಡದೆ, "ಆಲ್ ದಿ ಬೆಸ್ಟ್" ಎಂದು ಗೊಣಗಿ ಹೋದ.

ಒಳಗೆ ಐವರಿದ್ದರು. ಅಧ್ಯಕ್ಷರು ಧಾರವಾಡದಿಂದ ಬಂದ ರಾಜೇಂದ್ರ ಸಾರ್. ಮೇಜಿನ ತುದಿಯಲ್ಲಿ ಸತ್ಯವತಿ ಮೇಡಂ, ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ ನೆಟ್ಟಗೆ ಕೂತಿದ್ದರು. ಮೊದಲ ಸ್ಲೈಡಿಗೇ ಆ ಗ್ರಾಫು.

"ಇದನ್ನ ನೋಡಲಿಕ್ಕೇ ಬಂದೇವ್ರೀ ನಾವು" ಎಂದು ರಾಜೇಂದ್ರ ಸಾರ್ ನಕ್ಕರು. "ಹೇಳ್ರಿ, ಕಪ್ಪು ಗೆರಿ ಯಾವುದು?"

"ನನ್ನ ಮಾಡೆಲ್ ಸಾರ್."

"ಕೆಂಪು?"

ಮೇಡಂ ನನ್ನನ್ನೇ ನೋಡುತ್ತಿದ್ದರು. ಸುಳ್ಳಿನ ಮೇಲೆ ಕೂತು ಆ ಗುಡಿಸಲಿಗೆ ದಿನಾ ಹೋಗುವುದನ್ನು ಒಂದು ಕ್ಷಣ ಊಹಿಸಿಕೊಂಡೆ. ಬುಟ್ಟಿಗೆ ಪಿನ್ನು ಹಾಕಬಹುದು, ಕೀಗೊಂಚಲು ಹಾಕಬಹುದು. ಇದನ್ನು ಎಲ್ಲಿಟ್ಟು ಹೋಗಲಿ?

"ಅದೂ ನನ್ನ ಮಾಡೆಲ್ಲೇ ಸಾರ್" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ತೋರಿಸುವುದೋ ಬೇಡವೋ ಎಂದುಕೊಂಡೇ ರಾತ್ರಿ ಮಾಡಿಟ್ಟಿದ್ದ ಮುಂದಿನ ಸ್ಲೈಡ್ ಹಾಕಿದೆ. ಅದರಲ್ಲಿ ಕೆಂಪು ಗೆರೆಯ ಜಾಗದಲ್ಲಿ ಎರಡು ದಿನದ ಖಾಲಿ. ಅದರ ಮುಂದಿನದರಲ್ಲಿ ತಮಿಳುನಾಡಿನ ಅಳತೆ, ಅದರ ಅರ್ಧಕ್ಕೇ ನಿಂತ ನನ್ನ ಮಾಡೆಲ್ಲು. ರಾತ್ರಿಯ ನಡುಕ ತೋರಿಸಿದೆ, ಉಪಕರಣ ನಿಂತಿತ್ತು ಎಂದೆ, ಅಳತೆಯ ಜಾಗದಲ್ಲಿ ನನ್ನ ಲೆಕ್ಕವನ್ನು ತುಂಬಿಸಲಾಗಿದೆ ಎಂದೆ.

"ಇದನ್ನ ತೆಗದ್ರ ನಿಮ್ಮ ಅರ್ಜಿಯೊಳಗ ಉಳಿಯೋದೇನವಾ?" ರಾಜೇಂದ್ರ ಸಾರ್ ಈಗ ನಗುತ್ತಿರಲಿಲ್ಲ.

"ಮಾಡೆಲ್ ಎಲ್ಲಿ ತಪ್ಪಿದೆ ಅನ್ನೋದು ಗೊತ್ತಾಗಿದೆ ಸಾರ್. ಅಷ್ಟೇ ಉಳಿಯೋದು."

"ಯಾರು ತುಂಬಿಸಿದ್ದು?"

"ನಾನು ಹೇಳಿದ್ರೆ ಚಾಡಿ ಆಗುತ್ತೆ ಸಾರ್. ಅವರೇ ಹೇಳ್ಲಿ."

ಮೇಡಂ ಹೇಳುವುದಿಲ್ಲ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ರಾಜೇಂದ್ರ" ಎಂದರು. ತರಗತಿಯಲ್ಲಿ ಹಾಜರಿ ಹೇಳುವ ಹುಡುಗಿಯ ದನಿ ಅದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನಮಸ್ಕಾರ ಹೇಳಿ ಹೊರಗೆ ಬಂದೆ.

ಸಮರ್ಥ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಕಾಯುತ್ತ ನಿಂತಿದ್ದ. ನಾನು ನೇರವಾಗಿ ಅವನ ಮುಂದೆ ಹೋಗಿ ನಿಂತೆ.

"ಎಲ್ಲಾ ಹೇಳ್ಬಿಟ್ಟೆ ಕಣೋ. ಆ ಗ್ರಾಫು ಸುಳ್ಳು. ಮೇಡಂ ತುಂಬಿಸಿದ್ದು. ನಿಂಗೆ ಗೊತ್ತಿತ್ತು, ಅಲ್ವಾ?"

ಅವನ ಬಾಯಿ ತೆರೆದದ್ದು ಹಾಗೇ ಇತ್ತು. "ಮೇಡಮ್ಮಾ?"

"ಇನ್ಯಾರು?"

"ಸಂಕ್ರಾಂತಿ ಹೊತ್ತಿಗೇ ನೋಡಿದ್ದೆ" ಎಂದ ಮೆಲ್ಲಗೆ. "ರಾತ್ರಿ ನಡುಕ. ನೀನೇ ಮಾಡಿದೀಯ ಅಂದ್ಕೊಂಡೆ."

"ಥೂ! ನಾನು ಕಳ್ಳಿ ಅಂದ್ಕೊಂಡು ಇಷ್ಟು ತಿಂಗಳು ನನ್ನ ಡಬ್ಬೀಲೇ ತಿಂದ್ಯಲ್ಲೋ! ಹೇಳೋದಲ್ವಾ? ಒಂದು ಮಾತು ಹೇಳಿದ್ರೆ ಹುದ್ದೆ ನಿಂದೇ ಆಗ್ತಿತ್ತು."

"ಹೇಳಿದ್ರೆ ನೀನು ಮುಗಿದುಹೋಗ್ತಿದ್ದೆ ಕಣೇ. ಕೆಲಸ ಮಾತ್ರ ಅಲ್ಲ, ಹೆಸರೇ ಹೋಗ್ತಿತ್ತು. ನಿನಗಿದು ಕೊನೇ ಸಲ ಅಂತ ಬೇರೆ ಗೊತ್ತಿತ್ತು." ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ. "ಇವತ್ತು ಒಳಗಡೆ ನನ್ನನ್ನೇ ಕೇಳಿದ್ರು. ಚೇತನಾ ಅವ್ರ ಗ್ರಾಫ್ ನೀವು ಪರೀಕ್ಷೆ ಮಾಡಿದೀರಾ, ಹೆಂಗದ, ಅಂತ."

"ನೀನೇನಂದೆ?"

"ಪೂರ್ತಿ ಪರೀಕ್ಷೆ ಮಾಡಿದೀನಿ ಸಾರ್, ಚೆನ್ನಾಗಿದೆ ಅಂದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಹಾಗೆಂದು ಹೊರಬಂದ ಸ್ವಲ್ಪ ಹೊತ್ತಿಗೇ ನಾನು ಒಳಗೆ ಹೋಗಿ ಅದೇ ಗ್ರಾಫನ್ನು ಸುಳ್ಳೆಂದು ಸಾಬೀತು ಮಾಡಿದ್ದೆ. ಸುಳ್ಳು ಗೆರೆಯನ್ನು ಗುರುತಿಸಲಾರದವನು, ಇಲ್ಲವೇ ಗುರುತಿಸಿಯೂ ಸುಳ್ಳು ಹೇಳಿದವನು. ಐದು ಜನರ ಮುಂದೆ ಅವನು ಎರಡರಲ್ಲಿ ಒಂದಾಗಿದ್ದ. ನನ್ನನ್ನು ಉಳಿಸಲು ಹೋಗಿ ಅವನು ತನ್ನ ಅವಕಾಶ ಕಳೆದುಕೊಂಡ, ಕಳೆದವಳು ನಾನು.

"ಮೊದ್ಲೇ ಒಂದು ಮಾತು ನನ್ನನ್ನ ಕೇಳ್ಬಾರ್ದಿತ್ತೇನೋ, ನೀನೇ ಮಾಡಿದ್ಯಾ ಅಂತ?" ನನಗೆ ಅಳು ಬಂದುಬಿಟ್ಟಿತ್ತು.

"ಶನಿವಾರ ಡಬ್ಬಿ ನಿನ್ನ ಕಡೆಗೆ ಎಳ್ಕೊಂಡ್ಯಲ್ಲ, ನೀನು ನನ್ನನ್ನ ಕೇಳಿದ್ಯಾ?" ಎಂದ ಸಮರ್ಥ.

ಮೇಲೆ ರೈಲು ಬರುವ ಸದ್ದಾಯಿತು. ಅಲ್ಲಿ ಗುಡಿಸಲಿನಲ್ಲಿ ಗೆರೆ ಈಗ ಸಣ್ಣಗೆ ನಡುಗುತ್ತಿರುತ್ತದೆ, ಅದಾದರೂ ನಿಜವಾದ ನಡುಕ. ಇಬ್ಬರೂ ಮೆಟ್ಟಿಲು ಹತ್ತಲಿಲ್ಲ. ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟೆ.